ಮರದಲ್ಲಿ ಬಿಟ್ಟ ಹಕ್ಕಿ

(ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನಮ್ಮಲ್ಲಿದೆ. ಕಣ್ಣಿಗೇ ಕಂಡ ಮೇಲೆ ಮತ್ತೆ ಪ್ರಮಾಣ ಏತಕ್ಕೆ ಎಂದು ಯಾರಾದರೂ ಕೇಳಬಹುದು. ಆ ಪ್ರಶ್ನೆಗೆ ಉತ್ತರವಾಗಿ ಇಂದು ನಾನು ಯುರೋಪಿನ ಒಂದು ಹಳೆಯ ಕಥೆಯನ್ನು ತಮ್ಮ ಮುಂದಿಡಬೇಕೆಂದಿದ್ದೇನೆ. ಅಲ್ಲಿನ ಪಾದ್ರಿಗಳು, ವೈದ್ಯರು, ಸಸ್ಯಶಾಸ್ತ್ರಜ್ಞರು ಸುಮಾರು ಐದು ಶತಮಾನಗಳ ಕಾಲ, ಒಂದು ಜಾತಿಯ ಹೆಬ್ಬಾತು ಮೊಟ್ಟೆಯೊಡೆದು ಹುಟ್ಟುವುದಿಲ್ಲ, ಕಡಲಲ್ಲಿ ತೇಲುವ ಮರದ ದಿಮ್ಮಿಯಲ್ಲಿ ಕಾಯಿಯ ಹಾಗೆ ಬಿಡುತ್ತದೆ ಎಂದು ಬರೆದರು, ಓದಿದರು, ನಂಬಿದರು. ಇವರೆಲ್ಲ ಕೇವಲ ಅಂತೆಕಂತೆ ಹೇಳಿದವರೂ ಅಲ್ಲ. ಕೆಲವರು ಇದನ್ನು ಕಣ್ಣಾರೆ ಕಂಡೆವೆಂದೇ ಬರೆದಿದ್ದಾರೆ.

ಕಥೆಯಲ್ಲಿ ಎರಡು ಪ್ರಾಣಿಗಳಿವೆ. ಒಂದು ಹಕ್ಕಿ, ಇನ್ನೊಂದು ಚಿಪ್ಪಿನ ಜೀವಿ. ಹಕ್ಕಿಯ ಹೆಸರು ಬಾರ್ನಕಲ್ ಹೆಬ್ಬಾತು. ಕಪ್ಪು ಕತ್ತು, ಬಿಳಿ ಮುಖ, ಬೂದು ಬಣ್ಣದ ರೆಕ್ಕೆ. ಅಕ್ಟೋಬರ್ ಸುಮಾರಿಗೆ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಐರ್ಲೆಂಡ್, ಸ್ಕಾಟ್ಲೆಂಡ್, ಹಾಲೆಂಡ್‌ಗಳ ತೀರಕ್ಕೆ ಇಳಿದು, ಚಳಿಗಾಲವೆಲ್ಲ ಹುಲ್ಲು ಮೇಯ್ದು, ಬೇಸಿಗೆ ಬರುವಾಗ ಹೊರಟುಹೋಗುತ್ತದೆ. ಚಿಪ್ಪಿನ ಜೀವಿಯ ಹೆಸರು ಹೆಬ್ಬಾತು ಬಾರ್ನಕಲ್. ತೇಲುವ ದಿಮ್ಮಿಗೆ, ಹಡಗಿನ ತಳಕ್ಕೆ ಗೊಂಚಲು ಗೊಂಚಲಾಗಿ ಅಂಟಿಕೊಂಡಿರುತ್ತದೆ. ಕಂದುಗಪ್ಪು ಬಣ್ಣದ ಮೆತ್ತನೆಯ ತೊಟ್ಟು. ಅದರ ತುದಿಯಲ್ಲಿ ನೀಲಿಛಾಯೆಯ ಬಿಳಿ ಚಿಪ್ಪು. ಚಿಪ್ಪಿನ ಬಾಯಿಂದ ಆಗಾಗ ಇಣುಕುವ, ಪುಕ್ಕದಂಥ ಕುಚ್ಚು. ದಿಮ್ಮಿಯಿಂದ ಜೋತುಬಿದ್ದಾಗ ಕತ್ತು ಚಾಚಿಕೊಂಡು ರೆಕ್ಕೆ ಮಡಚಿದ ಪುಟ್ಟ ಹಕ್ಕಿಯನ್ನು ನೆನಪಿಗೆ ತರುತ್ತದೆ ಎಂದರೆ ತಪ್ಪಲ್ಲ.

ಈಗ ಹನ್ನೆರಡನೆಯ ಶತಮಾನದ ಒಬ್ಬ ಐರಿಷ್ ಬೆಸ್ತನ ಜಾಗದಲ್ಲಿ ನಿಂತು ಯೋಚಿಸಿ. ಈ ಹೆಬ್ಬಾತಿನ ಗೂಡನ್ನು ಅವನು ಕಂಡಿಲ್ಲ. ಅವನಪ್ಪನೂ ಕಂಡಿಲ್ಲ. ಮೊಟ್ಟೆ ಕಂಡವರಿಲ್ಲ, ಮರಿ ಕಂಡವರಿಲ್ಲ. ಹಕ್ಕಿ ಮಾತ್ರ ಪ್ರತಿ ವರ್ಷವೂ ಕಡಲ ಕಡೆಯಿಂದಲೇ ಹಾರಿ ಬರುತ್ತದೆ. ಅದೇ ಕಡಲು ದಡಕ್ಕೆ ತಂದೆಸೆಯುವ ಮರದ ದಿಮ್ಮಿಗಳಲ್ಲಿ ಹಕ್ಕಿಯಂಥದೇ ಒಂದು ವಸ್ತು ನೇತಾಡುತ್ತದೆ. ಎರಡನ್ನೂ ಜೋಡಿಸುವುದಕ್ಕೆ ಬಹಳ ಕಲ್ಪನೆ ಬೇಕಾಗಿರಲಿಲ್ಲ.

ನಮ್ಮ ದೇಶದ ಜನರ ಮುಂದೆಯೂ ಇಂಥದೇ ಒಗಟು ಇತ್ತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅವುಗಳ ಗೂಡನ್ನೂ ಇಲ್ಲಿ ಯಾರೂ ಕಾಣುವುದಿಲ್ಲ. ಅವು ಮರಿಮಾಡುವುದು ಟಿಬೆಟ್ಟಿನ ಪ್ರಸ್ಥಭೂಮಿ, ಮಂಗೋಲಿಯಗಳ ಸರೋವರಗಳಲ್ಲಿ. ಆದರೆ ಮಳೆಗಾಲ ಬಂತೆಂದರೆ ಹಂಸಗಳು ಮಾನಸ ಸರೋವರಕ್ಕೆ ಹೊರಡುತ್ತವೆ ಎಂಬ ಕವಿಸಮಯ ನಮ್ಮಲ್ಲಿ ಹಿಂದಿನಿಂದಲೂ ಇದೆ. ಕಾಳಿದಾಸನ ಮೇಘದೂತದಲ್ಲೂ ಅದು ಬರುತ್ತದೆ. ಹಾಲು ನೀರು ಬೇರ್ಪಡಿಸುವ ಮಾತು ಹಾಗಿರಲಿ, ದಿಕ್ಕನ್ನಂತೂ ನಮ್ಮ ಕವಿಗಳು ಸರಿಯಾಗಿಯೇ ತೋರಿಸಿದ್ದರು. ಐರ್ಲೆಂಡಿನವರಿಗೆ ಉತ್ತರ ದಿಕ್ಕಿನಲ್ಲಿ ಇದ್ದದ್ದು ಬರೀ ಕಡಲು.

ಪಾದ್ರಿ ಕಂಡದ್ದು

ಈ ಕಥೆಗೆ ಪ್ರತಿಷ್ಠೆ ತಂದುಕೊಟ್ಟವನು ವೇಲ್ಸ್‌ನ ಪಾದ್ರಿ ಗಿರಾಲ್ಡಸ್. 1185ರಲ್ಲಿ ಇಂಗ್ಲೆಂಡಿನ ರಾಜಕುಮಾರ ಜಾನ್‌ನ ಪರಿವಾರದೊಡನೆ ಐರ್ಲೆಂಡಿಗೆ ಹೋಗಿದ್ದ ಈತ, ಆ ದೇಶದ ನೆಲ, ಪ್ರಾಣಿ, ಜನ, ಪವಾಡಗಳನ್ನೆಲ್ಲ ವಿವರಿಸಿ 1188ರ ಸುಮಾರಿಗೆ ಲ್ಯಾಟಿನ್ನಿನಲ್ಲಿ ಒಂದು ಪುಸ್ತಕ ಬರೆದ. ಫರ್ ಮರದ ದಿಮ್ಮಿಗಳು ಕಡಲಲ್ಲಿ ತೇಲುವಾಗ ಮೊದಲು ಅಂಟಿನಂತೆ ಒಸರುವ ವಸ್ತುವಿನಿಂದ ಈ ಹಕ್ಕಿಗಳು ಹುಟ್ಟುತ್ತವೆ, ಚಿಪ್ಪಿನೊಳಗೆ ಬೆಳೆಯುತ್ತವೆ, ಕೊಕ್ಕಿನಿಂದ ಮರವನ್ನು ಕಚ್ಚಿಕೊಂಡು ನೇತಾಡುತ್ತವೆ, ಪುಕ್ಕ ಬಲಿತ ಮೇಲೆ ನೀರಿಗೆ ಬೀಳುತ್ತವೆ ಅಥವಾ ಹಾರಿಹೋಗುತ್ತವೆ ಎಂದ. ಒಂದೇ ದಿಮ್ಮಿಯಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಪುಟ್ಟ ದೇಹಗಳು ನೇತಾಡುತ್ತಿದ್ದುದನ್ನು ತನ್ನ ಕಣ್ಣಿನಿಂದಲೇ ಕಂಡೆನೆಂದೂ ಸೇರಿಸಿದ.

ಗಿರಾಲ್ಡಸ್ ಸುಳ್ಳು ಹೇಳಿದನೆ? ನನಗೆ ಹಾಗೆ ಕಾಣುವುದಿಲ್ಲ. ದಿಮ್ಮಿಯನ್ನು ಅವನು ಕಂಡಿದ್ದ. ಚಿಪ್ಪುಗಳನ್ನೂ ಕಂಡಿದ್ದ. ಚಳಿಗಾಲದಲ್ಲಿ ಹಕ್ಕಿಗಳನ್ನೂ ಕಂಡಿದ್ದಿರಬೇಕು. ಚಿಪ್ಪಿನಿಂದ ಹಕ್ಕಿ ಹೊರಬಂದದ್ದನ್ನು ಮಾತ್ರ ಕಂಡಿರಲಿಲ್ಲ. ಎರಡು ನಿಜಗಳ ನಡುವೆ ಕಾಣದ ಒಂದು ಕೊಂಡಿ ಇತ್ತು; ‘ಕಣ್ಣಾರೆ ಕಂಡೆ’ ಎಂಬ ಮಾತು ಆ ಕೊಂಡಿಗೂ ತಾನಾಗಿ ಅನ್ವಯಿಸಿಬಿಟ್ಟಿತು.

ಕಥೆ ಬೇಗ ಹರಡುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅದು ಬಾಯಿರುಚಿ. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ವ್ರತದಲ್ಲಿ, ಶುಕ್ರವಾರಗಳಂದು, ಕ್ರೈಸ್ತರಿಗೆ ಮಾಂಸ ನಿಷಿದ್ಧವಾಗಿತ್ತು, ಮೀನಿಗೆ ಅಡ್ಡಿಯಿರಲಿಲ್ಲ. ಮಾಂಸದಿಂದ ಹುಟ್ಟದೆ ಕಡಲ ಮರದಲ್ಲಿ ಬಿಟ್ಟ ಹಕ್ಕಿ ಮಾಂಸ ಹೇಗಾದೀತು? ಐರ್ಲೆಂಡಿನ ಕೆಲವೆಡೆ ಬಿಷಪ್ಪರೂ ಸಂನ್ಯಾಸಿಗಳೂ ಉಪವಾಸ ಕಾಲದಲ್ಲಿ ಇದನ್ನು ಎಗ್ಗಿಲ್ಲದೆ ತಿನ್ನುತ್ತಾರೆಂದು ಗಿರಾಲ್ಡಸನೇ ಬರೆದಿದ್ದಾನೆ. ಅದನ್ನು ಅವನು ಒಪ್ಪಲಿಲ್ಲ. ಆದಿಮಾನವ ಆದಮನೂ ಮಾಂಸದಿಂದ ಹುಟ್ಟಿದವನಲ್ಲ. ಹಾಗೆಂದು ಅವನ ತೊಡೆಯನ್ನು ಯಾರಾದರೂ ತಿಂದರೆ ಮಾಂಸ ತಿಂದ ದೋಷ ತಪ್ಪುತ್ತದೆಯೇ ಎಂಬುದು ಅವನ ವಾದ. ಹಕ್ಕಿ ಮರದಲ್ಲಿ ಹುಟ್ಟುತ್ತದೆ ಎಂಬ ಮೂಲ ಮಾತನ್ನು ಮಾತ್ರ ಅವನು ಪ್ರಶ್ನಿಸಲಿಲ್ಲ ಎಂಬುದನ್ನು ಗಮನಿಸಿ. ಕೊನೆಗೆ ಪೋಪ್ ಮೂರನೆಯ ಇನ್ನೊಸೆಂಟರು ವ್ರತದಲ್ಲಿ ಈ ಹಕ್ಕಿಯನ್ನು ತಿನ್ನಕೂಡದೆಂದು ನಿಷೇಧಿಸಿದರೆಂದು ಹದಿಮೂರನೆಯ ಶತಮಾನದ ವಿಶ್ವಕೋಶಕಾರ ವಿನ್ಸೆಂಟ್ ಆಫ್ ಬೋವೆ ಬರೆದಿದ್ದಾನೆ. ಯಹೂದಿ ಧರ್ಮಗುರುಗಳಲ್ಲಿಯೂ ಚರ್ಚೆ ನಡೆಯಿತು. ಇದು ಹಕ್ಕಿಯೋ, ಮರದ ಹಣ್ಣೋ, ಅವರಿಗೆ ನಿಷಿದ್ಧವಾದ ಚಿಪ್ಪುಜೀವಿಯೋ? ಹನ್ನೆರಡನೆಯ ಶತಮಾನದ ಫ್ರಾನ್ಸಿನ ರಬ್ಬೇನು ತಾಮ್, ಎಲ್ಲಿಯೇ ಹುಟ್ಟಿರಲಿ, ಬೇರೆ ಹಕ್ಕಿಗಳಂತೆ ಶಾಸ್ತ್ರೋಕ್ತವಾಗಿ ಕೊಯ್ದೇ ತಿನ್ನಬೇಕೆಂದು ತೀರ್ಪಿತ್ತರು.

ಚಕ್ರವರ್ತಿ ಕಂಡದ್ದು

ಹೀಗೆ ಊಟದ ಎಲೆಯ ಮುಂದೆ ವಾದ ನಡೆದಿದ್ದಾಗ, ಮರದ ದಿಮ್ಮಿಯನ್ನೇ ತರಿಸಿ ನೋಡಿದವನು ಒಬ್ಬನಿದ್ದ. ಆತ ಪವಿತ್ರ ರೋಮನ್ ಚಕ್ರವರ್ತಿ ಎರಡನೆಯ ಫ್ರೆಡರಿಕ್. ಡೇಗೆಯ ಬೇಟೆಯಲ್ಲಿ ಅವನಿಗೆ ಮಹಾ ಮೋಹ. ಹದಿಮೂರನೆಯ ಶತಮಾನದ ನಡುಗಾಲದಲ್ಲಿ ಆ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಹಕ್ಕಿಗಳ ವಿಚಾರವಾಗಿ ತಾನೇ ನೋಡಿ ತಿಳಿದದ್ದನ್ನು ದಾಖಲಿಸಿದ್ದಾನೆ. ಹೆಬ್ಬಾತಿನ ಮರದ ಕಥೆ ಕಿವಿಗೆ ಬಿದ್ದಾಗ ಉತ್ತರ ದೇಶಗಳಿಗೆ ದೂತರನ್ನು ಕಳಿಸಿ ಚಿಪ್ಪು ಅಂಟಿದ ಮರವನ್ನೇ ತರಿಸಿದ; ಚಿಪ್ಪುಗಳನ್ನು ಪರೀಕ್ಷಿಸಿದ. ಹಕ್ಕಿಯನ್ನು ಹೋಲುವ ಯಾವ ಆಕಾರವೂ ಒಳಗೆ ಕಾಣಲಿಲ್ಲ. ಆದ್ದರಿಂದ ಈ ಹಕ್ಕಿಗಳು ಜನ ಕಾಣದಷ್ಟು ದೂರದ ಸ್ಥಳದಲ್ಲಿ ಗೂಡು ಕಟ್ಟುತ್ತಿರಬೇಕು, ಅದು ಗೊತ್ತಿಲ್ಲದೆ ಜನ ಕಥೆ ಕಟ್ಟಿದ್ದಾರೆ ಎಂದು ತೀರ್ಮಾನಿಸಿದ. ಅದೇ ಕಾಲದ ಜರ್ಮನ್ ವಿದ್ವಾಂಸ ಆಲ್ಬರ್ಟಸ್ ಮ್ಯಾಗ್ನಸ್ ಕೂಡ ಈ ಹಕ್ಕಿಗಳು ಜೋಡಿಯಾಗುವುದನ್ನೂ ಮೊಟ್ಟೆಯಿಡುವುದನ್ನೂ ಕಂಡಿದ್ದಾಗಿ ಹೇಳಿ ಕಥೆಯನ್ನು ತಳ್ಳಿಹಾಕಿದ.

ಇಷ್ಟಕ್ಕೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಫ್ರೆಡರಿಕನ ಊಹೆ ಸರಿಯಾಗಿದ್ದರೂ ಗೂಡು ಎಲ್ಲಿದೆಯೆಂದು ತೋರಿಸಲು ಅವನಿಂದ ಆಗಲಿಲ್ಲ. ‘ಅಲ್ಲ’ ಎನ್ನುವ ಉತ್ತರಕ್ಕಿಂತ ‘ಹೌದು’ ಎನ್ನುವ ಕಥೆಗೆ ಗಿರಾಕಿಗಳು ಹೆಚ್ಚು.

1596ರಲ್ಲಿ ಏಷ್ಯಕ್ಕೆ ಈಶಾನ್ಯ ದಿಕ್ಕಿನ ಕಡಲದಾರಿ ಹುಡುಕುತ್ತ ಹೊರಟ ಡಚ್ ನಾವಿಕ ವಿಲೆಮ್ ಬಾರೆಂಟ್ಸ್‌ನ ತಂಡ, ಉತ್ತರಧ್ರುವದ ಸಮೀಪದ ಸ್ಪಿಟ್ಸ್‌ಬರ್ಗನ್ ದ್ವೀಪಕ್ಕೆ ತಲುಪಿತು. ಅಲ್ಲಿ ಹೆಬ್ಬಾತುಗಳು ಮೊಟ್ಟೆಗಳ ಮೇಲೆ ಕಾವು ಕೂತಿದ್ದವು. ಅವು ಬಾರ್ನಕಲ್ ಹೆಬ್ಬಾತಿನ ಹತ್ತಿರದ ಬಂಧುವಾದ ಬ್ರೆಂಟ್ ಹೆಬ್ಬಾತುಗಳು. ಆ ಕಾಲದವರು ಎರಡನ್ನೂ ಬೇರೆಬೇರೆ ಎಂದು ಎಣಿಸುತ್ತಿರಲಿಲ್ಲ. ಎರಡಕ್ಕೂ ಒಂದೇ ಕಥೆ. ಹಾಲೆಂಡಿಗೆ ಗುಂಪುಗುಂಪಾಗಿ ಬರುವ, ಮರದಲ್ಲಿ ಬಿಡುತ್ತವೆಂದು ಸ್ಕಾಟ್ಲೆಂಡಿನ ಬಗ್ಗೆ ಬರೆದವರು ಹೇಳುವ ಹಕ್ಕಿಗಳು ಇವೇ ಎಂದು ತಂಡದ ಗೆರಿಟ್ ಡಿ ವೀರ್ ಗುರುತಿಸಿದ. ಇಷ್ಟು ಉತ್ತರಕ್ಕೆ ಈ ಮೊದಲು ಯಾರೂ ಬಂದಿರಲಿಲ್ಲವಾದ್ದರಿಂದ ಮೊಟ್ಟೆ ಕಾಣದಿದ್ದುದರಲ್ಲಿ ಆಶ್ಚರ್ಯವೇನಿಲ್ಲ ಎಂದೂ ಬರೆದ. ಅವನ ಪುಸ್ತಕ 1598ರಲ್ಲಿ ಅಚ್ಚಾಯಿತು.

ಈ ನಡುವೆ, 1597ರಲ್ಲಿ, ಲಂಡನ್ನಿನ ಜಾನ್ ಜೆರಾರ್ಡ್ ಎಂಬ ಶಸ್ತ್ರವೈದ್ಯ ಸಸ್ಯಗಳನ್ನು ಕುರಿತ ಬೃಹತ್ ಗ್ರಂಥವೊಂದನ್ನು ಪ್ರಕಟಿಸಿದ್ದ. ಸಾವಿರಕ್ಕೂ ಹೆಚ್ಚು ಪುಟಗಳ ಆ ಗ್ರಂಥದ ಕೊನೆಯಲ್ಲಿ, ಚಿತ್ರ ಸಮೇತ, ಹೆಬ್ಬಾತು ಬಿಡುವ ಮರದ ವರ್ಣನೆಯಿದೆ! ಲ್ಯಾಂಕಶೈರ್ ತೀರದ ಒಂದು ಪುಟ್ಟ ದ್ವೀಪದಲ್ಲಿ, ಕೊಳೆತ ಮರಗಳಿಗೆ ಅಂಟಿದ ಚಿಪ್ಪುಗಳಿಂದ ಹಕ್ಕಿಗಳು ಬರುತ್ತವೆಂದೂ, ತಾನು ಕಣ್ಣಲ್ಲಿ ಕಂಡು ಕೈಯಲ್ಲಿ ಮುಟ್ಟಿದ್ದನ್ನೇ ಹೇಳುತ್ತಿದ್ದೇನೆಂದೂ ಅವನು ಬರೆದ. ಡಚ್ಚರು ಮೊಟ್ಟೆ ಕಂಡು ಒಂದು ವರ್ಷವಾಗಿತ್ತು. 1633ರಲ್ಲಿ ಈ ಗ್ರಂಥವನ್ನು ಪರಿಷ್ಕರಿಸಿದ ಥಾಮಸ್ ಜಾನ್ಸನ್, ಡಚ್ಚರ ಸಾಕ್ಷ್ಯವನ್ನು ಸೇರಿಸಿ ತಪ್ಪನ್ನು ತಿದ್ದಿದ.

ಆದರೂ ಕಥೆ ಸಾಯಲಿಲ್ಲ. 1678ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅದು ಮತ್ತೆ ತಲೆಯೆತ್ತಿತು. ಬರೆದವರು ಸಾಮಾನ್ಯರಲ್ಲ, ಆ ಸೊಸೈಟಿಯ ಸ್ಥಾಪಕರಲ್ಲೊಬ್ಬರಾದ ಸರ್ ರಾಬರ್ಟ್ ಮರೆ. ಲೇಖನ ಅಚ್ಚಾದದ್ದು ಅವರ ನಿಧನಾನಂತರ. ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪವೊಂದರಲ್ಲಿ ಫರ್ ಮರದ ದಿಮ್ಮಿಗೆ ಅಂಟಿದ್ದ ಚಿಪ್ಪುಗಳನ್ನು ಬಿಡಿಸಿ ನೋಡಿದಾಗ, ಪ್ರತಿಯೊಂದರಲ್ಲೂ ಕೊಕ್ಕು, ಕಣ್ಣು, ಕತ್ತು, ಎದೆ, ರೆಕ್ಕೆ, ಬಾಲ, ಕಾಲುಗಳಿರುವ ಪೂರ್ಣಾಕಾರದ ಪುಟ್ಟ ಹಕ್ಕಿ ಕಂಡಿತೆಂದು ಅದರಲ್ಲಿದೆ. ಆದರೆ ಜೀವಂತ ಮರಿಯನ್ನು ತಾನು ಕಂಡಿಲ್ಲವೆಂದೂ ಅವರು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ.

ಫ್ರೆಡರಿಕನೂ ಚಿಪ್ಪನ್ನು ಪರೀಕ್ಷಿಸಿದ್ದ, ಮರೆಯವರೂ ಪರೀಕ್ಷಿಸಿದರು. ಒಬ್ಬನಿಗೆ ಹಕ್ಕಿ ಕಾಣಲಿಲ್ಲ, ಇನ್ನೊಬ್ಬರಿಗೆ ಕಂಡಿತು. ಒಳಗಿದ್ದದ್ದು ಒಂದೇ ಜೀವಿ. ಆದರೆ ಮರೆಯವರ ಕೈಯಲ್ಲಿದ್ದದ್ದು ಬಹಳ ಮಟ್ಟಿಗೆ ಒಣಗಿದ ಚಿಪ್ಪು. ಮನಸ್ಸಿನಲ್ಲಿದ್ದದ್ದು ಐನೂರು ವರ್ಷ ಹಳೆಯ ಚಿತ್ರ. ಬಿಡಿಸಿ ನೋಡಿದರಷ್ಟೇ ಸಾಲದು ಎಂದಾಯಿತು.

ಹೆಸರಿನ ಗೊಂದಲ

ಋಗ್ವೇದವನ್ನು ಸಂಪಾದಿಸಿದ ಮ್ಯಾಕ್ಸ್ ಮುಲ್ಲರರ ಹೆಸರು ತಮಗೆಲ್ಲ ಗೊತ್ತು. ಭಾಷಾವಿಜ್ಞಾನವನ್ನು ಕುರಿತ ಅವರ ಉಪನ್ಯಾಸಗಳ ಎರಡನೆಯ ಸಂಪುಟದಲ್ಲಿ (1864) ಈ ಹೆಬ್ಬಾತಿಗೆ ಹಲವಾರು ಪುಟಗಳನ್ನು ಮೀಸಲಿಟ್ಟಿದ್ದಾರೆ. ಪುರಾಣಗಳು ಭಾಷೆಯ ಗೊಂದಲದಿಂದ ಹುಟ್ಟುತ್ತವೆ ಎಂಬುದು ಅವರ ಪ್ರಸಿದ್ಧ ವಾದ. ಲ್ಯಾಟಿನ್ನಿನಲ್ಲಿ ಐರ್ಲೆಂಡಿಗೆ ‘ಹೈಬರ್ನಿಯ’ ಎನ್ನುತ್ತಾರೆ. ಐರ್ಲೆಂಡಿನ ಹಕ್ಕಿ ಎಂಬರ್ಥದ ಹೆಸರು ಮೊದಲಕ್ಷರ ಕಳೆದುಕೊಂಡು ‘ಬರ್ನಿಕುಲ’ ಎಂದಾಯಿತು, ಚಿಪ್ಪಿಗೆ ಬೇರೆ ಮೂಲದಿಂದ ಅಂಥದೇ ಹೆಸರಿತ್ತು, ಹೆಸರು ಒಂದಾದ್ದರಿಂದ ಪ್ರಾಣಿಯೂ ಒಂದೇ ಆಯಿತು ಎಂದು ಅವರು ವಾದಿಸಿದರು. ಜಾಣ ವಾದ, ಆದರೆ ನಿಲ್ಲಲಿಲ್ಲ. ಇಂಗ್ಲಿಷ್ ದಾಖಲೆಗಳಲ್ಲಿ ‘ಬಾರ್ನಕಲ್’ ಎಂಬುದು ಮೊದಲು ಹಕ್ಕಿಯ ಹೆಸರು. ಚಿಪ್ಪಿಗೆ ಆ ಹೆಸರು ಬಂದದ್ದು ಎಷ್ಟೋ ಕಾಲದ ನಂತರ, ಹದಿನಾರನೆಯ ಶತಮಾನದಲ್ಲಿ. ಎಂದರೆ ಹೆಸರಿನಿಂದ ಕಥೆ ಹುಟ್ಟುವ ಬದಲು ಕಥೆಯಿಂದಲೇ ಚಿಪ್ಪಿಗೆ ಹೆಸರು ಬಂತು. 1758ರಲ್ಲಿ ಲಿನೇಯಸ್ ಈ ಜೀವಿಗೆ ಕೊಟ್ಟ ಶಾಸ್ತ್ರೀಯ ಹೆಸರಿನಲ್ಲೂ, ‘ಅನಾಟಿಫೆರಾ’ ಎಂಬಲ್ಲಿ, ಬಾತನ್ನು ಹೊರುವಂಥದು ಎಂಬ ಅರ್ಥ ಉಳಿದುಕೊಂಡಿದೆ.

ತಲೆಕೆಳಗಾದ ಸಿಗಡಿ

ಹಕ್ಕಿಯಲ್ಲವೆಂದ ಮೇಲೆ ಈ ಚಿಪ್ಪಿನ ಜೀವಿ ಏನು? ಚಿಪ್ಪಿದೆಯಲ್ಲ ಎಂದು ಲಿನೇಯಸ್, ಅನಂತರ ಫ್ರಾನ್ಸಿನ ಕ್ಯುವಿಯೆ, ಇದನ್ನು ಬಸವನಹುಳು, ಕಪ್ಪೆಚಿಪ್ಪುಗಳ ಪಂಕ್ತಿಗೆ ಸೇರಿಸಿದರು. ಅದೂ ಕಣ್ಣಿಗೆ ಕಂಡ ಪ್ರಕಾರವೇ, ಅದೂ ತಪ್ಪೇ.

ಸರಿಯಾದ ಉತ್ತರ ದೊರೆತದ್ದು ಕಥೆಯ ತವರಾದ ಐರ್ಲೆಂಡಿನಲ್ಲಿಯೇ. ಕಾರ್ಕ್ ಬಂದರಿನ ಬಳಿಯಿದ್ದ ಜಾನ್ ವಾನ್ ಥಾಮ್ಸನ್ ಎಂಬ ಸೇನಾ ವೈದ್ಯ 1826ರಲ್ಲಿ ಕಡಲಿನಿಂದ ಬಲೆಯಲ್ಲಿ ಸೋಸಿದ ಕೆಲವು ಪಾರದರ್ಶಕ ಸೂಕ್ಷ್ಮಜೀವಿಗಳನ್ನು ಗಾಜಿನ ಪಾತ್ರೆಯಲ್ಲಿ ಸಮುದ್ರದ ನೀರು ಹಾಕಿ ಇಟ್ಟುಕೊಂಡ. ಸಿಗಡಿಯ ಬಂಧುಗಳಂತೆ ಈಜುತ್ತಿದ್ದ ಅವು ಕೆಲವು ದಿನಗಳಲ್ಲಿ ಪಾತ್ರೆಯ ತಳಕ್ಕೆ ಅಂಟಿಕೊಂಡು, ಬಂಡೆಗಳ ಮೇಲೆ ಬೆಳೆಯುವ ಜಾತಿಯ ಬಾರ್ನಕಲ್‌ಗಳಾಗಿ ಮಾರ್ಪಟ್ಟವು. ಮುಂದೆ ಹೆಬ್ಬಾತು ಬಾರ್ನಕಲ್‌ನ ಮೊಟ್ಟೆಗಳಿಂದಲೂ ಅಂಥವೇ ಈಜುವ ಮರಿಗಳು ಬರುವುದನ್ನು ಆತ ತೋರಿಸಿಕೊಟ್ಟ. ಆ ಲೇಖನ 1835ರಲ್ಲಿ ಪ್ರಕಟವಾಯಿತು. ಎಲ್ಲಿ ಗೊತ್ತೆ? ಒಂದೂವರೆ ಶತಮಾನದ ಹಿಂದೆ ಮರೆಯವರ ಪುಟ್ಟ ಹಕ್ಕಿ ಕಾಣಿಸಿಕೊಂಡಿದ್ದ ಅದೇ ಪತ್ರಿಕೆಯಲ್ಲಿ. ಥಾಮ್ಸನ್ ಮಾಡಿದ ಹೊಸ ಕೆಲಸ ಒಂದೇ: ಜೀವಂತ ಪ್ರಾಣಿಯನ್ನು ಮುಂದಿಟ್ಟುಕೊಂಡು ಕಾದ.

ಬಾರ್ನಕಲ್, ಏಡಿ ಸಿಗಡಿಗಳ ಕುಲಕ್ಕೆ ಸೇರಿದ ಕಠಿಣಚರ್ಮಿ. ಮೊಟ್ಟೆಯೊಡೆದಾಗ ಅದಕ್ಕೆ ಒಂದೇ ಕಣ್ಣು, ಮೂರು ಜೊತೆ ಅವಯವ. ತಿನ್ನುತ್ತ, ಪೊರೆ ಬಿಡುತ್ತ, ಅಲೆಯೊಂದಿಗೆ ತೇಲುತ್ತ ಬೆಳೆಯುತ್ತದೆ. ಕೊನೆಯ ಹಂತದ ಮರಿ ಏನನ್ನೂ ತಿನ್ನುವುದಿಲ್ಲ. ಅದರದು ಒಂದೇ ಕೆಲಸ, ಮನೆಗೆ ಜಾಗ ಹುಡುಕುವುದು. ಮೀಸೆಗಳಿಂದ ತಡವಿ ನೋಡಿ, ಜಾಗ ಹಿಡಿಸಿದರೆ ಬಲವಾದ ಅಂಟನ್ನು ಸುರಿಸಿ ತಲೆಯನ್ನೇ ಅಲ್ಲಿಗೆ ಅಂಟಿಸಿಕೊಂಡುಬಿಡುತ್ತದೆ. ಆ ಮೇಲೆ ಆ ಜಾಗ ಬಿಟ್ಟು ಕದಲುವಂತಿಲ್ಲ. ನಾವು ತೊಟ್ಟು ಎನ್ನುವುದು ಅದರ ತಲೆಯ ಮುಂಭಾಗ ಉದ್ದವಾಗಿ ಬೆಳೆದದ್ದು. ಅದರ ತುದಿಗೆ ಐದು ಫಲಕಗಳ ಚಿಪ್ಪು, ಒಳಗೆ ಮಲಗಿದ ದೇಹ. ಗಿರಾಲ್ಡಸನ ಕಾಲದಿಂದ ಪುಕ್ಕವೆಂದು ಕಂಡದ್ದು ಅದರ ಆರು ಜೊತೆ ಕಾಲುಗಳು. ಅವನ್ನು ಹೊರಚಾಚಿ ಬಲೆಯಂತೆ ಬೀಸಿ ನೀರಿನಲ್ಲಿರುವ ಸಣ್ಣ ಜೀವಿಗಳನ್ನು ಬಾಯಿಗೆ ಎಳೆದುಕೊಳ್ಳುತ್ತದೆ. ತಲೆಕೆಳಗಾಗಿ ನಿಂತು, ಕಾಲಿನಿಂದ ಊಟ ಮಾಡುವ ಸಿಗಡಿ! ಒಂದೇ ದೇಹದಲ್ಲಿ ಗಂಡೂ ಹೆಣ್ಣೂ ಎರಡೂ ಇರುತ್ತವೆ. ಮರದಲ್ಲಿ ಬಿಟ್ಟ ಹಕ್ಕಿಗಿಂತ ಇದೇನು ಕಡಿಮೆ ಸೋಜಿಗವೆ?

ಚಾರ್ಲ್ಸ್ ಡಾರ್ವಿನ್ ಈ ಸೋಜಿಗದ ಬಲೆಗೆ ಬಿದ್ದವನು. ದಕ್ಷಿಣ ಅಮೆರಿಕದ ಚಿಲಿ ತೀರದಲ್ಲಿ ಸಿಕ್ಕಿದ್ದ ಒಂದು ವಿಚಿತ್ರ ಬಾರ್ನಕಲ್ಲನ್ನು ಪರೀಕ್ಷಿಸಲು 1846ರಲ್ಲಿ ಕೂತವನು, ಅದನ್ನು ಹೋಲಿಸಿ ನೋಡಲು ಇನ್ನೊಂದು, ಅದಕ್ಕೆ ಮತ್ತೊಂದು ಎನ್ನುತ್ತ ಎಂಟು ವರ್ಷ ಎದ್ದೇಳಲಿಲ್ಲ. ಮನೆಯಲ್ಲಿ ಅಪ್ಪ ದಿನವೂ ಮಾಡುವ ಕೆಲಸ ಅದೇ ಆದ್ದರಿಂದ, ನೆರೆಮನೆಯ ಯಜಮಾನರು ತಮ್ಮ ಬಾರ್ನಕಲ್ ಕೆಲಸವನ್ನು ಎಲ್ಲಿ ಮಾಡುತ್ತಾರೆಂದು ಡಾರ್ವಿನ್ನನ ಮಗುವೊಂದು ಕೇಳಿತಂತೆ. 1851 ಮತ್ತು 1854ರಲ್ಲಿ ಹೊರಬಂದ ಅವನ ಸಂಪುಟಗಳು ಈ ಜೀವಿಗಳ ಅಧ್ಯಯನಕ್ಕೆ ತಳಹದಿಯಾದವು. ಒಂದೇ ಜಾತಿಯ ಪ್ರಾಣಿಗಳಲ್ಲೂ ಎರಡು ತದ್ವತ್ ಒಂದೇ ಸಮ ಇರುವುದಿಲ್ಲವೆಂಬುದನ್ನು ಸಾವಿರಾರು ಬಾರ್ನಕಲ್‌ಗಳು ಅವನ ಕಣ್ಣಿಗೆ ತಂದವು. 1859ರಲ್ಲಿ ಪ್ರಕಟವಾದ ವಿಕಾಸವಾದದ ಗ್ರಂಥಕ್ಕೆ ಈ ಪಾಠ ಬಹಳ ಬೇಕಾಗಿತ್ತು.

ಹಡಗಿನವರಿಗೆ ಬಾರ್ನಕಲ್ ಒಂದು ಪೀಡೆ. ತಳಕ್ಕೆ ಅಂಟಿ ವೇಗ ತಗ್ಗಿಸುತ್ತದೆ, ಕೆರೆದು ತೆಗೆಯಬೇಕು. ಸ್ಪೇನಿನ ವಾಯವ್ಯ ತೀರವಾದ ಗಲೀಸಿಯದಲ್ಲಿ ಮಾತ್ರ ಇದರ ದಾಯಾದಿಯೊಂದು ದುಬಾರಿ ಭಕ್ಷ್ಯ. ಅಲೆ ಅಪ್ಪಳಿಸುವ ಬಂಡೆಗಳಲ್ಲೇ ಅದು ಬೆಳೆಯುವುದರಿಂದ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಎರಡು ಅಲೆಗಳ ನಡುವಿನ ಗಳಿಗೆಯಲ್ಲಿ ಕೆರೆದು ತರಬೇಕು. ಪ್ರಾಣ ಕಳೆದುಕೊಂಡವರಿದ್ದಾರೆ. 2014ರ ಮಾರ್ಚ್ 8ರಂದು ಕಣ್ಮರೆಯಾದ ಮಲೇಷ್ಯಾ ವಿಮಾನದ ರೆಕ್ಕೆಯ ತುಂಡೊಂದು 2015ರ ಜುಲೈನಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಸಿಕ್ಕಿದಾಗ, ಅದರ ಮೇಲೂ ಹೆಬ್ಬಾತು ಬಾರ್ನಕಲ್‌ಗಳಿದ್ದವು. ಬೆಳೆಯುತ್ತ ಹೋದಂತೆ ಚಿಪ್ಪಿನ ಪದರಗಳಲ್ಲಿ ಆಯಾ ದಿನದ ನೀರಿನ ಉಷ್ಣತೆಯ ಗುರುತು ಉಳಿಯುತ್ತದೆ. ಅದನ್ನು ಓದಿ ತುಂಡು ತೇಲಿಬಂದ ಹಾದಿಯನ್ನು ಗುರುತಿಸುವ ಪ್ರಯತ್ನವನ್ನು ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದರು. ಹಾದಿಯ ಕೊನೆಯ ಭಾಗವಷ್ಟೇ ತಿಳಿಯಿತು.

ಇನ್ನು ಹಕ್ಕಿಯ ಗೂಡಿನ ಮಾತು. ಬಾರ್ನಕಲ್ ಹೆಬ್ಬಾತು ಮೊಟ್ಟೆಯಿಡುವುದು ಗ್ರೀನ್‌ಲೆಂಡಿನ ಪೂರ್ವ ತೀರ, ಸ್ಪಿಟ್ಸ್‌ಬರ್ಗನ್ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳು ಮತ್ತು ರಷ್ಯದ ಉತ್ತರ ತೀರಗಳಲ್ಲಿ. ನರಿಗೆ ಹೆದರಿ ಹಲವು ಕಡೆ ಕಡಿದಾದ ಬಂಡೆಗಳ ನೆತ್ತಿಯಲ್ಲಿ ಗೂಡು ಮಾಡುತ್ತದೆ. ಮೇವು ಇರುವುದು ಕೆಳಗೆ. ಹಾರಲು ಬಾರದ, ಒಂದೆರಡು ದಿನದ ಮರಿಗಳು ತಾಯ್ತಂದೆಯರ ಕರೆ ಕೇಳಿ ನೂರಾರು ಅಡಿ ಎತ್ತರದಿಂದ ಕೆಳಕ್ಕೆ ಧುಮುಕುತ್ತವೆ. ಸ್ಕಾಟ್ಲೆಂಡ್ ಇಂಗ್ಲೆಂಡ್‌ಗಳ ನಡುವಿನ ಸಾಲ್ವೇ ಕೊಲ್ಲಿಯಲ್ಲಿ ಚಳಿಗಾಲ ಕಳೆಯುವ ಹಕ್ಕಿಗಳು ಸ್ವಾಲ್ಬಾರ್ಡಿನವೇ ಎಂದು ಖಚಿತವಾದದ್ದು 1960ರ ದಶಕದಲ್ಲಿ, ಅಲ್ಲಿ ಕಾಲಿಗೆ ಹಾಕಿದ ಬಳೆಗಳು ಇಲ್ಲಿ ಸಿಕ್ಕಾಗ. ಗಿರಾಲ್ಡಸನ ಕಾಲದ ಪ್ರಶ್ನೆಗೆ ಹೀಗೆ ಎಂಟು ಶತಮಾನಗಳ ಬಳಿಕ ಹಕ್ಕಿಯ ಕಾಲಿನಲ್ಲೇ ಉತ್ತರ ಬಂತು. ಬೇಟೆಯಿಂದ 1948ರ ಹೊತ್ತಿಗೆ ಈ ಬಳಗ ಸುಮಾರು ಮುನ್ನೂರಕ್ಕೆ ಇಳಿದಿತ್ತು. ರಕ್ಷಣೆ ದೊರೆತ ಮೇಲೆ ನಲವತ್ತು ಸಾವಿರ ಮುಟ್ಟಿತು. 2021–22ರ ಚಳಿಗಾಲದ ಹಕ್ಕಿಜ್ವರ ಅದರಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಬಲಿ ತೆಗೆದುಕೊಂಡಿತು. ಮರದಲ್ಲಿ ಬಿಡುವ ಹಕ್ಕಿಯಾಗಿದ್ದರೆ ಮುಂದಿನ ವರ್ಷ ಮತ್ತೆ ಬಿಡುತ್ತಿತ್ತು. ಹಾಗಲ್ಲವಾದ್ದರಿಂದಲೇ ಗೂಡೆಲ್ಲಿ, ಮರಿಯೆಷ್ಟು ಎಂಬ ಲೆಕ್ಕ ಬೇಕಾಗುತ್ತದೆ.

ಹೆಬ್ಬಾತು ಬಾರ್ನಕಲ್ ಬೆಚ್ಚನೆಯ ಕಡಲುಗಳಲ್ಲೆಲ್ಲ ತೇಲಾಡುವ ಜೀವಿ. ನಮ್ಮ ಅರಬ್ಬೀ ಸಮುದ್ರಕ್ಕೂ ಅದು ಹೊಸದಲ್ಲ. ಕರಾವಳಿಗೆ ಹೋದಾಗ, ಆಗತಾನೆ ದಡಕ್ಕೆ ಬಂದು ಬಿದ್ದ ಮರದ ದಿಮ್ಮಿಯೋ ಬಾಟಲಿಯೋ ಕಂಡರೆ ತಿರುಗಿಸಿ ನೋಡಿ. ಚಿಪ್ಪಿನ ಗೊಂಚಲಿದ್ದರೆ, ಬಕೆಟ್ಟಿನಲ್ಲಿ ಕಡಲ ನೀರು ತುಂಬಿ ಅದರಲ್ಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕಾಯಿರಿ. ಜೀವವಿದ್ದರೆ ಚಿಪ್ಪು ಬಿರಿದು ಪುಕ್ಕದಂಥ ಕಾಲುಗಳು ಹೊರಬಂದು ಬೀಸತೊಡಗುತ್ತವೆ. ಆಮೇಲೆ ಅದನ್ನು ಮತ್ತೆ ಕಡಲಿಗೇ ಬಿಡಿ.